ಉಕ್ಕಿ ಹರಿದ ನೊರೆ

"ಮುಚ್ಚಳಕ್ಕೆ ಕೈ ಹಾಕಬೇಡಿ ಮನೋಹರ್. ಮೊದಲು ಕೆಳಗೆ ಏನಾಗಿದೆ ನೋಡುವ," ಎಂದು ಪ್ರತಿಭಾ ಸಿಮೆಂಟು ನೆಲಕ್ಕೆ ಮೊಣಕಾಲೂರಿದಳು.

ಎಎಸ್‌ಐ ಮನೋಹರ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ಮೊಬೈಲಿನಲ್ಲಿ ವಿಡಿಯೋ ಮುಂದುವರಿಸಿದ. ಆರು ದಿನದಿಂದ ಬೀಗ ಬಿದ್ದಿದ್ದ ಕೋಣೆ ಹುಳಿ ಬಂದ ಗಂಜಿಯ ಹಾಗೆ ನಾರುತ್ತಿತ್ತು. ಕಲ್ಲುಕಟ್ಟೆಯ ಮೇಲೆ ಬಿಯರ್ ಮಾಡುವ ಯಂತ್ರ, ಅದರ ಮಗ್ಗುಲಲ್ಲಿ ಸ್ಟೀಲಿನ ಕ್ಯಾನು, ಕಟ್ಟೆಯ ಬುಡದಲ್ಲಿ ಪೊಲೀಸರು ಎಳೆದ ಸೀಮೆಸುಣ್ಣದ ಗೆರೆ. ಆ ಗೆರೆಯೊಳಗೆ ಬಿದ್ದಿದ್ದವನು ಸುಹಾಸ ಹೆಗಡೆ. ಯಾರೋ ತಳ್ಳಿದ್ದರು, ತಲೆ ಕಟ್ಟೆಯ ಅಂಚಿಗೆ ಬಡಿದಿತ್ತು.

ತಳ್ಳಿದವನು ಇವನೇ ಎಂದು ಪೊಲೀಸರು ಹಿಡಿದದ್ದು ಸುಹಾಸನ ವ್ಯಾಪಾರದ ಪಾಲುದಾರ ಉಲ್ಲಾಸನನ್ನು. ಉಲ್ಲಾಸ ಪ್ರತಿಭಾಳ ಬೆನ್ನಿಗೆ ಬಿದ್ದ ತಮ್ಮ.

ನಾಳೆ ಅವನನ್ನು ಮತ್ತೆ ಕೋರ್ಟಿಗೆ ಒಯ್ಯುತ್ತಾರೆ. ಅಷ್ಟರೊಳಗೆ ಪ್ರತಿಭಾಳ ಕೈಗೆ ಏನೂ ಸಿಕ್ಕದಿದ್ದರೆ ಅಲ್ಲಿಂದ ನೇರ ಜೈಲು. ಅದಕ್ಕೇ ಅವಳು ಇನ್ಸ್‌ಪೆಕ್ಟರ್ ಪರಮೇಶ್ವರಪ್ಪನವರ ಎದುರು ಹಠ ಹಿಡಿದು ಕೂತು ಈ ಕೋಣೆಯ ಬೀಗ ತೆಗೆಸಿದ್ದಳು. ಅವರು ಹಾಕಿದ್ದು ಒಂದೇ ಷರತ್ತು. "ನಮ್ಮವರ ಎದುರಿಗೇ ನೋಡಬೇಕು. ಅಲ್ಲಿ ಕಂಡದ್ದು, ಕೇಳಿದ್ದು ಎಲ್ಲವೂ ದಾಖಲಾಗುತ್ತದೆ." ಹಾಗೇ ಆಗಲಿ ಎಂದು ಇವಳು ಖುಷಿಯಿಂದಲೇ ಒಪ್ಪಿದ್ದಳು. ತಮ್ಮನ ಪರವಾಗಿ ಅಕ್ಕ ಹೇಳಿದ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಪೊಲೀಸರ ವಿಡಿಯೋದಲ್ಲಿ ಬಂದರೆ ಅದಕ್ಕೆ ತೂಕವಿದೆ.

ವಿಮಾ ಸರ್ವೇಯರ್ ಕೆಲಸ ಮಾಡಿ ಮಾಡಿ ಅವಳಿಗೆ ನೆಲದ, ಗೋಡೆಯ ಕಲೆಗಳನ್ನು ಓದುವುದು ಅಭ್ಯಾಸ. ನೀರು ನುಗ್ಗಿದ ಗೋದಾಮು, ಸೋರಿದ ಟ್ಯಾಂಕರು, ತಾವೇ ಬೆಂಕಿಯಿಟ್ಟುಕೊಂಡು ಅಳುವ ಅಂಗಡಿಕಾರರು, ಎಲ್ಲವನ್ನೂ ನೋಡಿದ್ದಾಳೆ. ಆದರೆ ಇವತ್ತಿನ ತನಕ ಅಳೆದದ್ದೆಲ್ಲ ಮಂದಿಯ ನಷ್ಟ. ಇವತ್ತಿನದು ಮನೆಯದು.

ಶೆಡ್ಡು ಸುಹಾಸನ ತಂದೆ ಸೀತಾರಾಮ ಹೆಗಡೆಯವರ ಹೆಸರಿನಲ್ಲಿತ್ತು. ಶಿರಸಿಯ ಯಲ್ಲಾಪುರ ನಾಕಾದ ಹಿಂದಿನ ಓಣಿಯಲ್ಲಿ, ಮುಂಬದಿಗೆ ಮುರುಗಲು ಹಣ್ಣಿನ ಸಿರಪ್ ಬಾಟಲಿಗೆ ತುಂಬುವ ಜಾಗ, ಹಿಂಬದಿಗೆ ಈ ಕೋಣೆ. ಬೀಗದ ಕೈ ತಂದ ಹೆಗಡೆಯವರು ಬಾಗಿಲ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಸುಹಾಸನ ಹೆಂಡತಿ ಅಭಿಜ್ಞಾ ಗೋಡೆಗೆ ಒರಗಿ ನಿಂತಿದ್ದಳು. ಇಬ್ಬರೂ ಒಳಗೆ ಕಾಲಿಟ್ಟಿರಲಿಲ್ಲ.

ಇದು ಮನೆಯಲ್ಲಿಟ್ಟುಕೊಳ್ಳುವ ಯಂತ್ರ. ಆದರೆ ಈರುಳ್ಳಿ ಕೂಡ ಹಿತ್ತಿಲ ಬಾಗಿಲಿನಿಂದ ಒಳಗೆ ಬರುವ ಮನೆ ಸುಹಾಸನದು. ಹಾಗಾಗಿ ಸ್ನೇಹಿತನೊಬ್ಬ ವಿದೇಶದಿಂದ ತಂದುಕೊಟ್ಟ ಯಂತ್ರ ಶೆಡ್ಡಿನ ಹಿಂದೆ ಬಂದು ಕೂತಿತು. ಲೈಸೆನ್ಸು ಇಲ್ಲದೆ ಬಿಯರ್ ಮಾಡಿದ್ದಕ್ಕೆ ಅಬಕಾರಿಯವರ ಕೇಸು ಬೇರೆ ಆಗಬಹುದಿತ್ತು, ಆದರೆ ಸತ್ತವನ ಮೇಲೆ ಯಾರು ಕೇಸು ಹಾಕುತ್ತಾರೆ?

"ನಮ್ಮ ಲೆಕ್ಕ ಸರಳ ಮೇಡಂ," ಎಂದ ಮನೋಹರ. ಕೆಟ್ಟವನಲ್ಲ, ಆದರೆ ಒಮ್ಮೆ ಹಿಡಿದ ಲೆಕ್ಕ ಬಿಡುವವನಲ್ಲ. "ಆವತ್ತು ಮಧ್ಯಾಹ್ನ ಮೂರಕ್ಕೆ ಯಂತ್ರ ಶುರುವಾದದ್ದು ಅದರೊಳಗೇ ದಾಖಲಾಗಿದೆ. ಶುರು ಮಾಡೋಕೆ ಗೊತ್ತಿದ್ದದ್ದು ಸುಹಾಸನಿಗೆ ಮಾತ್ರ. ಅಂದ್ರೆ ಮೂರಕ್ಕೆ ಅವನು ಜೀವಂತ ಇದ್ದ. ಅದೇ ಹೊತ್ತಿಗೆ ನಿಮ್ಮ ತಮ್ಮ ಇಲ್ಲಿಂದ ಒಂದು ಗಂಟೆ ದಾರಿಯ ಯಲ್ಲಾಪುರ ಊರಲ್ಲಿ ಗಾಡಿಗೆ ಪೆಟ್ರೋಲ್ ಹಾಕಿಸ್ತಾ ಇದ್ದ, ಅದೂ ಕ್ಯಾಮೆರಾದಲ್ಲಿದೆ. ನಾವು ಇಲ್ಲ ಅನ್ನಲ್ಲ. ಕಿರವತ್ತಿಯ ಢಾಬಾಗಳಿಗೆ ಸಿರಪ್ ಹಾಕಿ ವಾಪಸ್ ಬರ್ತಿದ್ದ. ನಾಲ್ಕು ದಾಟಿದ ಮೇಲೆ ಇಲ್ಲಿಗೆ ಬಂದ. ಜಗಳ ಆಯ್ತು, ತಳ್ಳಿದ. ಜಗಳದಲ್ಲಿ ಪೈಪು ಕಿತ್ತು ನೆಲವೆಲ್ಲ ಬಿಯರು."

"ಸಾವು ಎಷ್ಟು ಹೊತ್ತಿಗೆ ಅಂತ ಡಾಕ್ಟರು ಹೇಳಿದ್ದಾರಾ?"

"ಕೋಣೆ ಕಾದ ಒಲೆಯ ಹಾಗಿತ್ತಲ್ಲ. ಹೆಣ ತಣ್ಣಗಾಗೋದ್ರ ಲೆಕ್ಕ ಸಿಕ್ಕಿಲ್ಲ. ಮಧ್ಯಾಹ್ನದಿಂದ ಸಂಜೆಯೊಳಗೆ ಅಂತ ಬರೆದಿದ್ದಾರೆ."

ಬಾಗಿಲು ತೆರೆದಾಗಲೇ ಸುಹಾಸ ಬಿದ್ದಿದ್ದ, ಹೆದರಿ ಓಡಿದೆ ಎಂದು ಉಲ್ಲಾಸ ಒಂದು ಸಲ ಹೇಳಿದ್ದ. ಆಮೇಲೆ ತುಟಿ ಬಿಚ್ಚಿರಲಿಲ್ಲ. ಅಕ್ಕ ಹೋಗಿ ಕೇಳಿದರೂ ಗೋಡೆ ನೋಡಿಕೊಂಡು ಕೂತಿದ್ದ. ನಿಜ ಹೇಳುವವನಿಗೆ ಇಷ್ಟು ಮೌನ ಯಾಕೆ ಎಂಬ ಪ್ರಶ್ನೆ ಪ್ರತಿಭಾಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಅವಳು ಟಾರ್ಚು ಬಿಟ್ಟಳು. ಯಂತ್ರದಿಂದ ಹೊರಟ ಪೈಪು ಸ್ಟೀಲ್ ಕ್ಯಾನಿಗೆ ಸೇರುವಲ್ಲಿ ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಿತ್ತು. ಅದರ ಕೆಳಗೊಂದು ಬಟ್ಟಲು. ಬಟ್ಟಲಿನ ಒಳಗೆ ಕಂದು ಬಣ್ಣದ ಕರೆ, ಒಂದರ ಮೇಲೊಂದು ಪದರವಾಗಿ ಗಟ್ಟಿಯಾಗಿತ್ತು.

"ಇದು ಹಳೆ ಸೋರಿಕೆ. ಒಳಗಿನ ರಬ್ಬರ್ ಉಂಗುರ ಸವೆದಿದೆ. ತೊಟ್ಟು ತೊಟ್ಟಾಗಿ ಬೀಳ್ತಿತ್ತು. ಸುಹಾಸನಿಗೆ ಅದು ಗೊತ್ತಿತ್ತು, ಅದಕ್ಕೇ ಬಟ್ಟಲು ಇಟ್ಟಿದ್ದ. ಪೈಪು ಎಳೆದು ನೋಡಿ, ಅಲ್ಲಾಡೋದಿಲ್ಲ. ಕಿತ್ತದ್ದು ಎಲ್ಲಿಂದ ಬಂತು?"

ಮನೋಹರ ಎಳೆದು ನೋಡಿದ. ಅಲ್ಲಾಡಲಿಲ್ಲ.

"ಮತ್ತೆ ಅಷ್ಟೊಂದು ನೀರು?"

"ಮೇಲಿನಿಂದ." ಅವಳು ಎದ್ದು ಯಂತ್ರದ ಮುಖಕ್ಕೆ ಬೆಳಕು ಹಿಡಿದಳು. ಮುಚ್ಚಳದ ಅಂಚಿನಿಂದ ಅಂಟು ಗೆರೆಗಳು ಕೆಳಗಿಳಿದು ಕಟ್ಟೆಯ ಮೇಲೆ ಹರಡಿದ್ದವು. "ಇದು ಸೋರಿದ್ದಲ್ಲ, ಉಕ್ಕಿದ್ದು."

ಮುಚ್ಚಳ ತೆಗೆದಾಗ ಒಳಗೆ ಸಣ್ಣ ತೂತುಗಳಿದ್ದ ಒಂದು ತಟ್ಟೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು ಅದರಲ್ಲಿ ಹಾಕುವುದು. ಬಿಸಿನೀರು ಮೇಲಿಂದ ಬಿದ್ದು, ಕಾಳಿನೊಳಗೆ ಇಳಿದು, ಪಂಪಿನ ಮೂಲಕ ತಿರುಗಿ ಮೇಲಕ್ಕೆ ಬರುತ್ತದೆ. ಸುಹಾಸ ಅವಳಿಗೆ ಒಮ್ಮೆ ಇದನ್ನೆಲ್ಲ ತೋರಿಸಿದ್ದ. ಮಕ್ಕಳು ಹೊಸ ಸೈಕಲ್ ತೋರಿಸುವ ಉತ್ಸಾಹದಲ್ಲಿ ತೋರಿಸಿದ್ದ.

"ತಟ್ಟೆ ಉಕ್ಕೋದು ಯಾವಾಗ? ಕಾಳು ಹಿಟ್ಟಿನಷ್ಟು ನುಣ್ಣಗಾಗಿ ತೂತು ಕಟ್ಟಿದಾಗ. ಇಲ್ಲಿ ಕಾಳು ಎರಡು ಹೋಳಾಗಿದೆ ಅಷ್ಟೇ, ಸರಿಯಾಗಿದೆ. ಇಲ್ಲವೇ ಪೈಪು ಮಡಚಿಕೊಂಡಾಗ. ಪೈಪು ನೆಟ್ಟಗಿದೆ. ಮುಚ್ಚಳದ ಕೊಂಡಿಯೂ ಭದ್ರವಾಗಿ ಹಾಕಿತ್ತು."

"ಹಾಗಾದ್ರೆ?"

ಉತ್ತರ ಬಂದದ್ದು ಓಣಿಯ ಕಡೆಯಿಂದ. ಪಕ್ಕದಲ್ಲಿ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಡುವ ಗಿರಿಜವ್ವ ಹಿಟ್ಟಿನ ಕೈಯಲ್ಲೇ ಬಂದು ಇಣುಕುತ್ತಿದ್ದಳು. ಹಾನಗಲ್ ಕಡೆಯ ಹೆಂಗಸು. ಪೊಲೀಸರಿಗೆ ಮೊದಲು ಸುದ್ದಿ ಮುಟ್ಟಿಸಿದವಳೂ ಅವಳೇ.

"ನೊರಿ ಬಂದಿತ್ರೀ ಅಕ್ಕಾರ! ಬಾಗಲದ ತಳಗಿಂದ ಬುಸುಬುಸು ಅಂತ, ಅರಿವಿ ಒಗದಂಗ. ಕಸಬರಿಗಿ ತಗೊಂಡು ದಬ್ಬಿದೆ, ಮತ್ತ ಏಳಾಕತ್ತಿತು. ಹೇಳಿದ್ರ ಈ ಸಾಹೇಬ್ರು ಬಿಯರ್ ಅಂದ್ರ ನೊರಿ ಬರೂದ ಅಲ್ಲೇನವಾ ಅಂದ್ರು."

ಮನೋಹರ ಮೀಸೆ ತಿಕ್ಕಿಕೊಂಡ.

"ಬಿಯರಿನ ನೊರೆ ಕಸಬರಿಗೆ ತರೋ ತನಕ ಉಳಿಯೋದಿಲ್ಲ," ಎಂದಳು ಪ್ರತಿಭಾ. "ಅದೂ ಇಲ್ಲಿ ಬಿಯರು ಇನ್ನೂ ಆಗಿರಲೇ ಇಲ್ಲ. ಬಾರ್ಲಿಯ ಕಷಾಯ ಅಷ್ಟೇ."

ಅವಳು ತಟ್ಟೆಯ ಮೂಲೆಯನ್ನು ಉಗುರಿನಿಂದ ಕೆರೆದಳು. ಕಂದು ಬಣ್ಣದ ಸಿಪ್ಪೆಯ ಚೂರೊಂದು ಬಂತು. ಬಾರ್ಲಿಯ ಹೊಟ್ಟಲ್ಲ, ಜಿಗುಟಾಗಿತ್ತು. ಅಂಗೈಯಲ್ಲಿಟ್ಟು ನಾಲ್ಕು ಹನಿ ನೀರು ಹಾಕಿ ಉಜ್ಜಿದಳು. ಬಿಳಿ ನೊರೆ ಎದ್ದಿತು. ಮೂಗಿನ ಹತ್ತಿರ ಹಿಡಿದಳು.

ಆ ವಾಸನೆ ಗೊತ್ತಿಲ್ಲದ ಹೆಂಗಸು ಶಿರಸಿ ಸೀಮೆಯಲ್ಲಿ ಇರಲಿಕ್ಕಿಲ್ಲ. ಅಂಟುವಾಳಕಾಯಿ. ಬೆಳ್ಳಿ, ಬಂಗಾರ, ರೇಷ್ಮೆಸೀರೆ ತೊಳೆಯುವುದಕ್ಕೆ ಇವತ್ತಿಗೂ ಡಬ್ಬದಲ್ಲಿ ಎತ್ತಿಡುವ ಕಾಯಿ.

ಅವಳ ಎದೆ ಹಗುರಾಯಿತು. ಆರು ದಿನದಲ್ಲಿ ಮೊದಲ ಸಲ ಉಲ್ಲಾಸನನ್ನು ಮನೆಗೆ ಕರೆದುಕೊಂಡು ಹೋಗುವ ದಾರಿ ಕಾಣುತ್ತಿತ್ತು.

"ವಿಡಿಯೋ ಹತ್ತಿರ ತನ್ನಿ ಮನೋಹರ್. ಈ ಯಂತ್ರಕ್ಕೆ ಸೋಪು ತಾಗಿದ್ರೆ ಸುಹಾಸ ಮೈಮೇಲೆ ಬಂದವರ ಹಾಗೆ ಕೂಗಾಡ್ತಿದ್ದ. ಸೋಪು ಉಳಿದ್ರೆ ಬಿಯರಿನ ರುಚಿಯೂ ಕೆಡುತ್ತೆ, ಪಂಪು ಕಡೆದು ಕಡೆದು ನೊರೆ ಉಕ್ಕಿಸುತ್ತೆ. ಇದು ಅವನ ಸುತ್ತ ಇದ್ದವರಿಗೆಲ್ಲ ಗೊತ್ತು. ಯಾರೋ ಅವನ ಮಾತು ಪಾಲಿಸಿದ್ದಾರೆ. ಸೋಪು ಬೇಡ ಅಂದ ಅಂತ ಅಂಟುವಾಳದಲ್ಲಿ ತೊಳೆದಿದ್ದಾರೆ. ಕಾಯಿ ಅಲ್ವಾ, ಸೋಪಲ್ಲವಲ್ಲ!"

ಮನೋಹರ ನಗಲು ಹೋಗಿ ಸುಮ್ಮನಾದ. ಅವನ ಮನೆಯಲ್ಲೂ ಹೀಗೇ ಮಾಡುತ್ತಿದ್ದರೋ ಏನೋ.

"ಈಗ ಯೋಚನೆ ಮಾಡಿ. ಅಂಟುವಾಳ ಹತ್ತಿದ ತಟ್ಟೆಗೆ ಸುಹಾಸ ಕಾಳು ಹಾಕ್ತಿದ್ನಾ? ಮೂಗಿನ ಹತ್ರ ಹಿಡಿದು ನೋಡದೆ ಅವನು ಒಂದು ಲೋಟವನ್ನೂ ಮುಟ್ಟುತ್ತಿರಲಿಲ್ಲ. ಆವತ್ತು ಕಾಳು ಹಾಕಿ ಯಂತ್ರ ಶುರು ಮಾಡಿದ್ದು ಸುಹಾಸ ಅಲ್ಲ. ಮೂರಕ್ಕೆ ಯಲ್ಲಾಪುರದಲ್ಲಿದ್ದ ಉಲ್ಲಾಸನೂ ಅಲ್ಲ. ಈ ಕೋಣೆಯಲ್ಲಿ ಮೂರನೆಯವರು ಇದ್ರು. ಸುಹಾಸ ಅಷ್ಟೊತ್ತಿಗಾಗಲೇ ಸತ್ತಿದ್ದ. ಇನ್ನೂ ಬದುಕಿದ್ದಾನೆ ಅಂತ ಲೋಕ ನಂಬಲಿ ಅಂತ ಗುಂಡಿ ಒತ್ತಿದ್ರು. ಶುರು ಮಾಡೋದು ಅವನೊಬ್ಬನಿಗೇ ಗೊತ್ತಿತ್ತು ಅನ್ನಬೇಡಿ, ನನಗೂ ತೋರಿಸಿದ್ದ, ಕೇಳಿದವರಿಗೆಲ್ಲ ತೋರಿಸ್ತಿದ್ದ."

ಮನೋಹರ ಮೊಬೈಲನ್ನು ತಟ್ಟೆಗೇ ಹಿಡಿದು ತಲೆದೂಗಿದ. "ಸಾಹೇಬರಿಗೆ ಹೇಳಲೇಬೇಕು ಮೇಡಂ. ಇದು ತಳ್ಳಿಹಾಕೋ ಮಾತಲ್ಲ."

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಗೆಲುವಿನ ಗಾಳಿ ಬೀಸಿದಾಗ ಬಾಯಿಗೆ ಬೀಗ ಹಾಕಿಕೊಳ್ಳುವವರು ಕಡಿಮೆ. ಪ್ರತಿಭಾ ಬಾಗಿಲ ಕಡೆ ತಿರುಗಿದಳು.

"ಅಭಿಜ್ಞಾ ಅವರೇ, ನಿಮ್ಮ ಮನೆಯಲ್ಲಿ ಅಂಟುವಾಳ ಇದೆಯಾ?"

ಗೋಡೆಗೆ ಒರಗಿದ್ದ ಅಭಿಜ್ಞಾ ನಿಧಾನವಾಗಿ ನೇರವಾದಳು. ಮೂವತ್ತೈದರ ಹೆಂಗಸು, ಈ ಆರು ದಿನದಲ್ಲಿ ಇನ್ನೂ ಹತ್ತು ವರ್ಷ ಹತ್ತಿದ ಹಾಗೆ ಕಂಡಳು.

"ಇದೆ. ನಿಮ್ಮ ಮನೆಯಲ್ಲಿ ಇಲ್ಲವಾ?"

"ಆವತ್ತು ಮಧ್ಯಾಹ್ನ ನೀವು ಎಲ್ಲಿದ್ರಿ?"

"ಸಿದ್ದಾಪುರದಲ್ಲಿ, ತವರುಮನೆಯಲ್ಲಿ. ಪೊಲೀಸರಿಗೆ ಹೇಳಿದ್ದೇನೆ."

"ಹೇಳಿದ್ದೀರಿ. ನೋಡಿದವರು ಯಾರು? ನಿಮ್ಮ ಅಮ್ಮ, ನಿಮ್ಮ ಅಣ್ಣ. ನನ್ನ ತಮ್ಮನ ಪರವಾಗಿ ನಾನು ಹೇಳಿದ್ರೆ ಯಾರೂ ನಂಬಲ್ಲ. ನಿಮ್ಮ ಪರವಾಗಿ ನಿಮ್ಮ ಮನೆಯವರು ಹೇಳಿದ್ರೆ ಊರಿಗೆ ಊರೇ ನಂಬುತ್ತೆ, ಅಲ್ವಾ?"

"ಮೇಡಂ," ಎಂದ ಮನೋಹರ ಮೆಲ್ಲಗೆ.

ಅವಳು ಕೇಳಿಸಿಕೊಳ್ಳಲಿಲ್ಲ. ಉಲ್ಲಾಸನನ್ನು ಜೀಪಿಗೆ ಹತ್ತಿಸುವಾಗ ಓಣಿಯ ಜನ ಆಡಿದ ಮಾತು, ಅಮ್ಮ ಊಟ ಬಿಟ್ಟು ಕೂತದ್ದು, ಹೆಗಡೆಯವರ ಮಗನನ್ನು ಕೊಂದ ಮನೆಯವರೆಂದು ಹಾಲು ಹಾಕುವವಳು ಬಾಗಿಲಿಗೆ ಬರದೆ ಹೋದದ್ದು, ಎಲ್ಲ ಸಿಟ್ಟೂ ಒಟ್ಟಿಗೆ ನಾಲಿಗೆಗೆ ಬಂದಿತ್ತು.

"ಸೋಪು ಬೇಡ ಅಂದ ಗಂಡನ ಮಾತು ಕೇಳಿ ಅಂಟುವಾಳ ಹಾಕೋದು ಹೆಂಡತಿಯೇ. ಹೊರಗಿನವರಿಗೆ ಅಷ್ಟು ಅಕ್ಕರೆ ಎಲ್ಲಿಂದ ಬರಬೇಕು? ಈ ಯಂತ್ರ ನೀವೇ ತೊಳೀತಿದ್ರಿ. ಮಾವನಿಗೆ ಗೊತ್ತಾಗದ ಹಾಗೆ ಬಂದು ತೊಳೀತಿದ್ರಿ. ಆವತ್ತೂ ಬಂದಿದ್ರಿ."

ಹೆಗಡೆಯವರು ಕುರ್ಚಿಯಿಂದ ಎದ್ದು ಸೊಸೆಯ ಕಡೆ ತಿರುಗಿದರು. "ತಂಗಿ, ಸಾಕು. ಮನೆಗೆ ಹೋಪನ. ಮನೆ ಮರ್ಯಾದೆ ಬೀದಿಗೆ ಹಾಕಡ."

"ಮಾವ, ನಿಂಗ ಸುಮ್ನಿರಿ. ಆನು ಇಷ್ಟು ದಿನ ಬಾಯಿ ಮುಚ್ಚಿಗಂಡಿದ್ದೇ ಸಾಕು," ಎಂದಳು ಅಭಿಜ್ಞಾ. ಆಮೇಲೆ ಪ್ರತಿಭಾಳ ಕಡೆ ತಿರುಗಿ, ಇವತ್ತು ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದಳು.

"ನಾನು ಈ ಕೋಣೆಗೆ ಬಂದದ್ದು ಒಂದೇ ಸಲ. ಹೆಣ ಗುರುತಿಸೋಕೆ. ಈ ದರಿದ್ರ ಯಂತ್ರ ಬಂದ ದಿನದಿಂದ ನಾವಿಬ್ಬರೂ ಸರಿಯಾಗಿ ಮಾತಾಡಿಲ್ಲ. ಅದನ್ನ ನಾನು ತೊಳೀತಿದ್ನಾ?" ಅವಳ ದನಿ ಏರಲಿಲ್ಲ. "ಆದರೆ ನೀವು ಹೇಳಿದ್ದರಲ್ಲಿ ಒಂದು ಮಾತು ಸರಿ. ಅಕ್ಕರೆ ಇದ್ದವರೇ ತೊಳೆದದ್ದು. ಬೇಸಿಗೆಯಿಂದ ಅವರ ಅಂಗಿಯ ತೋಳಿಗೆ ಅಂಟುವಾಳದ ವಾಸನೆ ಬರ್ತಿತ್ತು. ಹೆಂಡತಿಯ ಮೂಗು, ಬಿಡೋದಿಲ್ಲ. ಯಾರು ತೊಳೀತಾರೆ ಅಂತ ಕೇಳಿದೆ. ಸಂಕೋಚ ಇಲ್ಲದೆ ಹೇಳಿದ್ರು. ಅವಳು ಅಂಟುವಾಳ ಹಾಕಿ ತಿಕ್ಕಿ ಇಟ್ಟು ಹೋಗ್ತಾಳೆ, ಆಮೇಲೆ ನಾನು ಬಿಸಿನೀರಲ್ಲಿ ಮೂರು ಸಲ ಗಲಬರಿಸ್ತೇನೆ, ಎಷ್ಟು ಹೇಳಿದರೂ ಕೇಳಲ್ಲ, ಅಂತ. ಹೇಳುವಾಗ ನಗ್ತಿದ್ರು. ನನ್ನ ಹತ್ತಿರ ಹಾಗೆ ನಕ್ಕು ಎಷ್ಟು ಕಾಲ ಆಗಿತ್ತೋ."

ಪ್ರತಿಭಾ ಒಂದು ಹೆಜ್ಜೆ ಮುಂದೆ ಬಂದಳು. "ಯಾರು?"

"ಮುಂದಿನ ಶೆಡ್ಡಿನಲ್ಲಿ ದಿನಾ ಬಾಟಲಿ ತುಂಬೋಕೆ ಬರೋದು ಯಾರು? ನಿಮ್ಮ ತಮ್ಮನ ಹೆಂಡತಿ. ದಿವ್ಯಾ."

ಹೊರಗೆ ಗಿರಿಜವ್ವನ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಗಿತ್ತು.

"ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದವನು ಮನೋಹರ.

"ಹೇಳಿ ಏನು ಮಾಡ್ಲಿ ಸರ್? ಗಂಡ ಸತ್ತ. ಅವನ ಹೆಸರಾದ್ರೂ ಉಳೀಲಿ ಅಂದುಕೊಂಡೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರೋದಿಲ್ಲ ಅಂತ ಮಾವನೂ ಕೈ ಮುಗಿದ್ರು." ಅವಳು ಪ್ರತಿಭಾಳನ್ನು ನೋಡಿದಳು. ಆ ನೋಟದಲ್ಲಿ ದ್ವೇಷಕ್ಕಿಂತ ಆಯಾಸವೇ ಹೆಚ್ಚಿತ್ತು. "ನಿಮ್ಮ ತಮ್ಮ ಯಾಕೆ ಕೊಲ್ಲಬೇಕು ಅನ್ನೋದಕ್ಕೆ ಇವರ ಹತ್ರ ಕಾರಣ ಇರಲಿಲ್ಲ ಪ್ರತಿಭಾ ಅವರೇ. ನನ್ನ ಹತ್ರ ಇತ್ತು. ಇಷ್ಟು ದಿನ ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದೆ. ನೀವೇ ಬಿಚ್ಚಿಸಿದ್ರಿ."

ಮನೋಹರನ ಮೊಬೈಲು ಅವನ ಕೈಯಲ್ಲಿ ನೆಟ್ಟಗಿತ್ತು. ಅದರ ಕೆಂಪು ಚುಕ್ಕಿ ಇನ್ನೂ ಮಿನುಗುತ್ತಿತ್ತು.

ಹೆಗಡೆಯವರು ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದರು. "ಆನು ಕಾರಲ್ಲಿರ್ತೆ," ಎಂದು ಸೊಸೆಗೆ ಹೇಳಿದ್ದಷ್ಟೇ. ಮನೋಹರ ಠಾಣೆಗೆ ಫೋನು ಮಾಡಲು ಓಣಿಯ ತುದಿಗೆ ನಡೆದ. ಶೆಡ್ಡಿನೊಳಗೆ ಸಿಗ್ನಲ್ ಹಿಡಿಯುತ್ತಿರಲಿಲ್ಲ.

ಪ್ರತಿಭಾ ಖಾಲಿ ಬಾಟಲಿಗಳ ಕ್ರೇಟಿನ ಮೇಲೆ ಕುಸಿದು ಕೂತಳು. ತನ್ನ ಕೈಯಾರೆ ಮಾಡಿದ್ದು. ತಮ್ಮನನ್ನು ಬಿಡಿಸಲು ಬಂದವಳು ಅವನ ಕೊರಳಿಗೆ ಹಗ್ಗ ಹೊಸೆದು ಕೊಟ್ಟಿದ್ದಳು. ದಿವ್ಯಾಳ ಮೇಲೆ ಸಿಟ್ಟು ಬಂತು. ಮರುಕ್ಷಣ ಅದು ತನ್ನ ಮೇಲೇ ತಿರುಗಿತು. ಆ ಹುಡುಗಿ ಮದುವೆಯಾಗಿ ಬಂದಾಗ ಅಂಟುವಾಳದ ಡಬ್ಬ ಯಾವ ನಾಗಂದಿಗೆಯ ಮೇಲಿದೆ ಎಂದು ತೋರಿಸಿದವಳು ಇವಳೇ.

ಅಭಿಜ್ಞಾ ಕದಲಲಿಲ್ಲ. ಇಬ್ಬರ ನಡುವೆ ಆ ಯಂತ್ರವಿತ್ತು.

"ನಿಮಗೆ ಸುಹಾಸನ ಮೇಲೆ ಸಿಟ್ಟಿರಲಿಲ್ಲವಾ?" ಪ್ರತಿಭಾ ಕೇಳಿದಳು.

"ಇತ್ತು. ಈಗಲೂ ಇದೆ. ಅತ್ತು ಮುಗಿದ ಮೇಲೂ ಉಳಿಯುವಷ್ಟಿದೆ."

ಮನೋಹರ ತಿರುಗಿ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಬಂದವನು ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ.

"ಸಾಹೇಬರು ಉಲ್ಲಾಸನ ಎದುರಿಗೆ ಹೋಗಿ ದಿವ್ಯಾ ಅಂದ್ರಂತೆ. ಅಷ್ಟೇ ಅಂದದ್ದು. ಆರು ದಿನ ಕಲ್ಲಿನ ಹಾಗೆ ಕೂತಿದ್ದವನು ಎದ್ದು ನಿಂತ್ಕೊಂಡ. ನಾನೇ ಕೊಂದದ್ದು, ಯಂತ್ರ ಶುರು ಮಾಡಿದ್ದೂ ನಾನೇ, ನಾಳೆ ಮ್ಯಾಜಿಸ್ಟ್ರೇಟರ ಎದುರಿಗೂ ಹೇಳ್ತೇನೆ, ಅವಳನ್ನು ಮಾತ್ರ ಇದಕ್ಕೆ ಎಳೀಬೇಡಿ, ಅಂದ್ನಂತೆ." ದನಿ ತಗ್ಗಿಸಿ ಸೇರಿಸಿದ. "ಅಕ್ಕನ ಮುಖ ನೋಡಲ್ಲ ಅಂತಾನೂ ಹೇಳಿದ್ದಾನೆ."

"ಸುಳ್ಳು!" ಅವಳು ಎದ್ದಳು. "ಮೂರಕ್ಕೆ ಅವನು ಯಲ್ಲಾಪುರದಲ್ಲಿದ್ದ. ನೀವೇ ಈಗ ಹೇಳಿದ್ರಿ!"

"ಗೊತ್ತು ಮೇಡಂ. ಸುಳ್ಳು ಅಂತ ನನಗೂ ಗೊತ್ತು. ಆದರೆ ತಾನೇ ಕೊಂದೆ ಅಂತ ಕೋರ್ಟಿನಲ್ಲಿ ನಿಂತು ಹೇಳೋನನ್ನ ಯಾರು ಬಿಡಿಸ್ತಾರೆ? ಹೆಂಡತಿ ಮಾಡಿದ್ದನ್ನ ಮೈಮೇಲೆ ಎಳ್ಕೊಳ್ತಾ ಇದ್ದಾನೆ."

ಹೆಂಡತಿ ಮಾಡಿದ್ದು. ಉಲ್ಲಾಸನೂ ಹಾಗೇ ನಂಬಿದ್ದ. ಅದಕ್ಕೇ ಆರು ದಿನದ ಮೌನ. ಪಾಪ, ಮೂರ್ಖ! ಆವತ್ತು ಬಾಗಿಲು ತೆರೆದಾಗ ಅವನ ಮೂಗಿಗೂ ಆ ವಾಸನೆ ಬಡಿದಿರಬೇಕು. ತನ್ನ ಮನೆಯ ವಾಸನೆ.

ಪ್ರತಿಭಾಳ ಕಣ್ಣು ತಟ್ಟೆಯ ಮೇಲೆ ಬಿತ್ತು. ತಿಕ್ಕಿ ಇಟ್ಟು ಹೋಗುತ್ತಾಳೆ, ಆಮೇಲೆ ಬಿಸಿನೀರಿನಲ್ಲಿ ಮೂರು ಸಲ ಗಲಬರಿಸುತ್ತೇನೆ. ಹಾಗೆಂದು ಸುಹಾಸ ಹೇಳಿದ್ದನಂತೆ. ಎಷ್ಟು ಹೇಳಿದರೂ ಕೇಳುವುದಿಲ್ಲ ಎಂದೂ ಹೇಳಿದ್ದನಂತೆ.

"ಮನೋಹರ್, ನಾವಿಬ್ಬರೂ ಪೆದ್ದರು," ಎಂದಳು. "ತೊಳೆದವಳಿಗೆ ಗಲಬರಿಸಬೇಕು ಅಂತ ಗೊತ್ತಿತ್ತು. ತಾನು ಅಂಟುವಾಳ ಹಚ್ಚಿಟ್ಟ ತಟ್ಟೆಗೆ ದಿವ್ಯಾ ಹಾಗೇ ಕಾಳು ಹಾಕ್ತಾಳಾ? ಹಾಕಿದವರು ಬೇರೆ. ತೊಳೆದಿಟ್ಟ ತಟ್ಟೆ ಕಂಡಿತು, ಶುದ್ಧ ಇದೆ ಅಂದುಕೊಂಡು ಹಾಕಿದರು. ದಿವ್ಯಾ ಕೊಂದಿಲ್ಲ. ಆದರೆ ಆವತ್ತು ತೊಳೆದಿಟ್ಟು ಹೊರಟಾಗ ಇಲ್ಲಿಗೆ ಯಾರು ಬಂದ್ರು ಅನ್ನೋದು ಅವಳಿಗೆ ಗೊತ್ತಿರುತ್ತೆ. ಗಂಡನನ್ನು ಬಿಡಿಸೋ ಮಾತು ಅವಳೊಬ್ಬಳ ಬಾಯಲ್ಲಿದೆ."

"ಮತ್ತೆ ಇಷ್ಟು ದಿನ ಯಾಕೆ ಹೇಳಿಲ್ಲ?"

"ತಾನು ಈ ಕೋಣೆಗೆ ಬರ್ತಿದ್ದೆ ಅಂತ ಹೇಳಬೇಕಾಗುತ್ತಲ್ಲ! ನಮ್ಮ ಎದುರಿಗೆ ಹೇಗೆ ಹೇಳ್ತಾಳೆ?"

ಅವಳು ಓಡಿದಂತೆ ಓಣಿಗೆ ಬಂದು ದಿವ್ಯಾಳಿಗೆ ಫೋನು ಮಾಡಿದಳು. ರಿಂಗಾಗಿ ರಿಂಗಾಗಿ ಕಡಿಯಿತು. ಮತ್ತೆ ಮಾಡಿದಳು, ಸ್ವಿಚ್ ಆಫ್. ಅಮ್ಮನಿಗೆ ಮಾಡಿದಳು. ಬನವಾಸಿ ರಸ್ತೆಯ ಮನೆಯಲ್ಲಿ ಅಮ್ಮ ದ್ಯಾವಮ್ಮ ಮತ್ತು ದಿವ್ಯಾ ಇಬ್ಬರೇ ಇದ್ದರು.

"ಅಮ್ಮಾ, ದಿವ್ಯಾ ಎಲ್ಲಿ? ಅವಳ ಹತ್ರ ಕೊಡು."

"ಎಂತಾ ಮಗಾ, ಇನ್ನೂ ಬಂದು ಮುಟ್ಟಲಿಲ್ವಾ? ಈಗಷ್ಟೇ ಹೋದ್ಲಲ್ಲ." ದ್ಯಾವಮ್ಮನ ದನಿಯಲ್ಲಿ ಆರು ದಿನದಿಂದ ಇಲ್ಲದ ಜೀವವಿತ್ತು. "ನೀನೇ ಅಲ್ವಾ ಕಾರು ಕಳಿಸಿದ್ದು?"

"ನಾನಾ?"

"ನೀನೇ ಮತ್ತೆ. ಫೋನು ಬಂತು ಅವಳಿಗೆ. ಉಲ್ಲಾಸನ್ನ ಬಿಡ್ತಾರಂತೆ, ಹೆಂಡ್ತಿ ಬಂದು ಸಹಿ ಹಾಕ್ಬೇಕಂತೆ, ಅಕ್ಕ ಕಾರು ಕಳಿಸಿದಾಳಂತೆ ಅಂದ್ಲು. ಚಪ್ಪಲಿ ಮೆಟ್ಟೋಕೂ ಪುರುಸೊತ್ತಿಲ್ಲ, ಬರಿಗಾಲಲ್ಲೇ ಓಡಿ ಹತ್ತಿದ್ಲು. ನಾನೂ ಬರ್ತೆ ಅಂದೆ, ಜಾಗ ಇಲ್ಲ ಅಂದ್ರಂತೆ."

ಪ್ರತಿಭಾಳಿಗಿದ್ದದ್ದು ಒಂದು ಹಳೆಯ ಸ್ಕೂಟಿ. ಅದು ಅವಳ ಎದುರಿಗೇ ನಿಂತಿತ್ತು. ದಿವ್ಯಾಳ ಹೆಸರು ಈ ಶೆಡ್ಡಿನಲ್ಲಿ ಬಾಯಿಂದ ಹೊರಬಿದ್ದು ಅರ್ಧ ಗಂಟೆಯೂ ಆಗಿರಲಿಲ್ಲ.

ಅಭಿಜ್ಞಾ ಮೆಟ್ಟಿಲ ಮೇಲೆ ನಿಂತು ಓಣಿಯ ಎರಡೂ ತುದಿಗೆ ಕಣ್ಣು ಹಾಯಿಸುತ್ತಿದ್ದಳು. "ಮಾವನ ಕಾರು ಕಾಣ್ತಾ ಇಲ್ಲವಲ್ಲ," ಎಂದಳು. ಹೇಳಿದ ಮೇಲೆ ಅವಳ ಮುಖ ಬಿಳುಪೇರಿತು.

ಮನೋಹರ ಜೀಪಿನ ಕಡೆ ಓಡಿದ. ಪ್ರತಿಭಾ ಓಡಲಾರದೆ ನಿಂತಳು. ಫೋನು ಇನ್ನೂ ಅವಳ ಕಿವಿಯಲ್ಲಿತ್ತು, ಆ ಕಡೆ ಪಾತ್ರೆಯ ಸದ್ದು ಕೇಳುತ್ತಿತ್ತು.

"ಮಗಾ, ಕೇಳ್ತಾ ಇದ್ಯಾ? ಅವನಿಗೆ ಅಂತ ಅನ್ನಕ್ಕೆ ಇಟ್ಟಿದ್ದೆ. ಮೂರೂ ಜನ ಎಷ್ಟೊತ್ತಿಗೆ ಬರ್ತ್ರಿ?"